ಚಳಿಗಾಲದಲ್ಲಿ ಮಗುಚುವ ಸರೋವರ

ನೈನಿತಾಲ್‌ನಲ್ಲಿ ದೋಣಿ ಹತ್ತಿದವರ ಕಣ್ಣು ಸಾಮಾನ್ಯವಾಗಿ ಸುತ್ತಲಿನ ಬೆಟ್ಟಗಳ ಮೇಲಿರುತ್ತದೆ. ಕೆಳಗೆ ನೋಡಿದರೆ ನೀರಿನ ನಡುವೆ ಅಲ್ಲಲ್ಲಿ ಬಿಳಿ ಗುಳ್ಳೆಗಳು ಗುಂಪಾಗಿ ಉಕ್ಕುತ್ತಿರುತ್ತವೆ. ಅದು ಮೀನಿನ ಆಟವಲ್ಲ. ದಡದ ಕಂಪ್ರೆಸರ್‌ಗಳು ಕೊಳವೆಗಳಲ್ಲಿ ತಳಕ್ಕೆ ನೂಕಿದ ಗಾಳಿ ಹಾಗೆ ಮೇಲೆ ಬರುತ್ತಿದೆ. 2007ರಿಂದ ಈ ನೈನಿ ಸರೋವರ ಯಂತ್ರದ ಉಸಿರು ಪಡೆಯುತ್ತಿದೆ.

ಅದಕ್ಕೂ ಮೊದಲು ಇಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲುತ್ತಿದ್ದವು. ಅದೂ ಬೇಸಿಗೆಯ ಬಿಸಿಲಿಗಲ್ಲ, ಚಳಿಗಾಲದಲ್ಲಿ.

ಸರೋವರದ ಅತಿ ಹೆಚ್ಚಿನ ಆಳ ಸುಮಾರು 27 ಮೀಟರ್. ಬೇಸಿಗೆಯಲ್ಲಿ ಮೇಲಿನ ನೀರು ಕಾಯ್ದು ಹಗುರಾಗುತ್ತದೆ, ತಳದ ನೀರು ತಣ್ಣಗೆ, ಭಾರವಾಗಿ ಕೆಳಗೇ ಉಳಿಯುತ್ತದೆ. ಸಾರಿನ ಮೇಲೆ ತೇಲುವ ಎಣ್ಣೆಯಂತೆ ಎರಡೂ ಪದರಗಳು ತಿಂಗಳುಗಟ್ಟಲೆ ಬೆರೆಯುವುದಿಲ್ಲ. ಗಾಳಿಯ ಸಂಪರ್ಕ ಇರುವುದು ಮೇಲಿನ ಪದರಕ್ಕೆ ಮಾತ್ರ. ತಳಕ್ಕಿಳಿದ ಎಲೆ, ಸತ್ತ ಪಾಚಿ, ಕೊಳಚೆಯನ್ನು ಬ್ಯಾಕ್ಟೀರಿಯಾಗಳು ತಿನ್ನುತ್ತಾ ಅಲ್ಲಿದ್ದ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಆಮೇಲೆ ಆಮ್ಲಜನಕ ಬೇಡದ ಸೂಕ್ಷ್ಮಜೀವಿಗಳ ಸರದಿ. ಕೊಳೆತ ಮೊಟ್ಟೆಯ ವಾಸನೆಯ, ವಿಷಕಾರಿ ಹೈಡ್ರೋಜನ್ ಸಲ್ಫೈಡ್ ಅವುಗಳ ಕೊಡುಗೆ.

ಚಳಿ ಬಂದಂತೆ ಮೇಲಿನ ನೀರೂ ತಣಿದು ತಳದ ನೀರಿನಷ್ಟೇ ಭಾರವಾಗುತ್ತದೆ. ಆಗ ಗಾಳಿ ಬೀಸಿದರೆ ಸಾಕು, ಇಡೀ ಸರೋವರ ಮಗುಚುತ್ತದೆ. ಮೇಲೆ ಹೆಪ್ಪುಗಟ್ಟುವ ಅನೇಕ ಸರೋವರಗಳು ವರ್ಷಕ್ಕೆ ಎರಡು ಸಲ ಹೀಗೆ ಬೆರೆಯುತ್ತವೆ. ಹೆಪ್ಪುಗಟ್ಟದ ನೈನಿಗೆ ಚಳಿಗಾಲದ ಒಂದೇ ಅವಕಾಶ. ಆರೋಗ್ಯವಂತ ಸರೋವರಕ್ಕೆ ಇದು ವರ. ತಳಕ್ಕೆ ಆಮ್ಲಜನಕ ಸಿಗುತ್ತದೆ. ನೈನಿಯಲ್ಲಿ ಮಾತ್ರ ತಳದಲ್ಲಿದ್ದ ಉಸಿರಿಲ್ಲದ ನೀರು ಮೇಲೆ ಬಂದು ಮೀನುಗಳ ಉಸಿರು ಕಟ್ಟಿಸುತ್ತಿತ್ತು. ಈಗ ಗುಳ್ಳೆಗಳು ವರ್ಷವಿಡೀ ನೀರನ್ನು ಕಲಕುವುದರಿಂದ ತಳದಲ್ಲಿ ಆಮ್ಲಜನಕದ ಕೊರತೆ ಬೆಳೆಯುವುದು ತಗ್ಗಿದೆ.

ಕೊಳಚೆ ಬಂದ ದಾರಿಗೂ ಒಂದು ಇತಿಹಾಸವಿದೆ. 1880ರ ಸೆಪ್ಟೆಂಬರ್ 18ರಂದು ಶೇರ್ ಕಾ ಡಾಂಡಾ ಬೆಟ್ಟದ ಇಳಿಜಾರು ಕುಸಿದು 151 ಜನ ಸತ್ತರು. ಆ ಮಣ್ಣು ಹರಡಿದ ಜಾಗವೇ ಇಂದು ಹುಡುಗರು ಕ್ರಿಕೆಟ್ ಆಡುವ ಫ್ಲ್ಯಾಟ್ಸ್ ಮೈದಾನ. ಮತ್ತೆ ಕುಸಿಯದಂತೆ ಬ್ರಿಟಿಷರು ಮಳೆನೀರು ಇಳಿದುಹೋಗಲು ಬೆಟ್ಟದ ತುಂಬ ಕಲ್ಲಿನ ಚರಂಡಿಗಳನ್ನು ಕಟ್ಟಿಸಿದರು. ಬೆಟ್ಟಕ್ಕೆ ಒಳ್ಳೆಯದೇ ಆಯಿತು. ಆದರೆ ಊರು ಬೆಳೆದಂತೆ ಅದೇ ಚರಂಡಿಗಳು ಹೂಳನ್ನೂ ಕಸವನ್ನೂ ನೇರ ಸರೋವರಕ್ಕೆ ತಂದು ಸುರಿದವು. ಊರು ಕುಡಿಯುವುದೂ ಇದೇ ನೀರನ್ನು, ದಡದ ಬಾವಿಗಳಲ್ಲಿ ಮಣ್ಣಿನಿಂದ ಸೋಸಿ ಬಂದದ್ದನ್ನು.

ಗಾಳಿಯ ಕೊಳವೆ ಚಿಕಿತ್ಸೆಯಷ್ಟೇ, ನೀರನ್ನು ಅದು ತರಲಾರದು. 2017ರ ಬೇಸಿಗೆಯಲ್ಲಿ ನೀರಿನ ಮಟ್ಟ ಕುಸಿದು ದಡದ ಹೂಳು ಬಯಲಾಗಿತ್ತು. ಸರೋವರಕ್ಕೆ ಬರುವ ನೀರಿನ ದೊಡ್ಡ ಪಾಲು ನೆಲದಡಿಯಿಂದ ಬರುತ್ತದೆ. ಆ ಒರತೆಗಳನ್ನು ಪೋಷಿಸುವ ತಾಣಗಳಲ್ಲಿ ಮುಖ್ಯವಾದದ್ದು, ಮೇಲಿರುವ ಸೂಖಾತಾಲ್ ಎಂಬ ತಗ್ಗು. ಮಳೆಗಾಲದಲ್ಲಿ ಮಾತ್ರ ತುಂಬಿ ಉಳಿದ ಕಾಲ ಒಣಗಿರುವ ಅದನ್ನು ಜನ ಖಾಲಿ ನಿವೇಶನವೆಂದೇ ನೋಡಿ ಮನೆ ಕಟ್ಟಿದ್ದಾರೆ, ಮಣ್ಣು ಸುರಿದಿದ್ದಾರೆ. ನನ್ನ ಕೇಳಿದರೆ ಕಂಪ್ರೆಸರ್‌ಗಿಂತ ಮೊದಲು ಕಾವಲು ಬೇಕಿರುವುದು ಆ ತಗ್ಗಿಗೆ.