ಅಮ್ಮನಿಗೂ ರಜೆ ಸಿಗುವ ಹೋಂಸ್ಟೇ

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿದ್ದರೆ ಸಾಕು, ಬೆಂಗಳೂರು, ಮೈಸೂರು, ಮಂಗಳೂರಿನ ಕಾರುಗಳು ಮಡಿಕೇರಿ, ಮೂಡಿಗೆರೆ, ಸಕಲೇಶಪುರದ ದಾರಿ ಹಿಡಿಯುತ್ತವೆ. ದಸರೆ ರಜೆಯಲ್ಲೂ ಅದೇ ಕಥೆ. ಕಾಫಿ ತೋಟಗಳ ಗೇಟಿನ ಪಕ್ಕದಲ್ಲಿ ‘ಫ್ಯಾಮಿಲಿಗಳಿಗೆ ಸ್ವಾಗತ’ ಎಂಬ ಬೋರ್ಡು ಈಗ ಸಾಮಾನ್ಯ. ಆದರೆ ಅದೇ ಹೋಂಸ್ಟೇಗಳ ಜಾಹೀರಾತಿನ ಚಿತ್ರಗಳನ್ನು ನೋಡಿ: ಮಂಜು ಮುಸುಕಿದ ಬೆಟ್ಟ, ಕ್ಯಾಂಪ್‌ಫೈರ್, ತೆರೆದ ಜೀಪು, ಕೆರೆಯ ಅಂಚಿನಲ್ಲಿ ಎರಡು ಕುರ್ಚಿ. ಎರಡು ವರ್ಷದ ಮಗು, ಮಂಡಿನೋವಿನ ಅಜ್ಜಿ, ಊಟದ ಹೊತ್ತು ತಪ್ಪಿದರೆ ತಲೆ ಸುತ್ತುವ ಸಕ್ಕರೆ ಕಾಯಿಲೆಯ ಅಜ್ಜ ಆ ಚಿತ್ರಗಳಲ್ಲಿ ಎಲ್ಲೂ ಇರುವುದಿಲ್ಲ. ಎಷ್ಟೋ ಕಡೆ ‘ಫ್ಯಾಮಿಲಿ ಹೋಂಸ್ಟೇ’ ಎಂದರೆ ಇಲ್ಲಿ ಕುಡಿದು ಗಲಾಟೆ ಮಾಡುವವರಿಗೆ ಜಾಗವಿಲ್ಲ ಎಂದಷ್ಟೇ ಅರ್ಥ. ಅದು ಬೇಕಾದ ಮಾತೇ. ಆದರೆ ಒಂದು ಕುಟುಂಬ ಎರಡು ದಿನ ನೆಮ್ಮದಿಯಾಗಿ ಇರಬೇಕಾದರೆ ಅಷ್ಟು ಸಾಲದು.

ಕುಟುಂಬ ಪ್ರವಾಸ ಹೊರಟಾಗ ಒಬ್ಬರ ಕೆಲಸ ಮಾತ್ರ ಮನೆಯಲ್ಲಿ ಉಳಿಯುವುದಿಲ್ಲ, ಬ್ಯಾಗಿನ ಜೊತೆಗೇ ಬರುತ್ತದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಮಕ್ಕಳು ಮತ್ತು ಹಿರಿಯರ ಆರೈಕೆಯ ಲೆಕ್ಕ ಬೇರೆಯೇ ಇತ್ತು: ಹೆಂಗಸರದು 134 ನಿಮಿಷ, ಗಂಡಸರದು 76. ಹೋಂಸ್ಟೇಯಲ್ಲಿ ಅಡುಗೆ, ಪಾತ್ರೆಯ ಕೆಲಸ ತಪ್ಪಬಹುದು, ಆರೈಕೆ ತಪ್ಪುವುದಿಲ್ಲ. ಗುರುತಿಲ್ಲದ ಮನೆಯಲ್ಲಿ ಅದು ಇನ್ನೂ ಭಾರವಾಗುತ್ತದೆ. ಮೆಟ್ಟಿಲು ಎಲ್ಲಿದೆ, ಬಾವಿ ಎಲ್ಲಿದೆ, ನಾಯಿ ಕಚ್ಚುತ್ತದೆಯೇ, ಹಾಲು ಕಾಯಿಸಲು ಯಾರನ್ನು ಕೇಳಬೇಕು, ಇದೆಲ್ಲ ಗೊತ್ತಿಲ್ಲದ ಜಾಗದಲ್ಲಿ ತಾಯಿಯ ಕಣ್ಣು ಒಂದು ಗಳಿಗೆಯೂ ಮಗುವನ್ನು ಬಿಟ್ಟು ಆಚೀಚೆ ಹೋಗುವುದಿಲ್ಲ. ಆದ್ದರಿಂದ ಒಂದು ಹೋಂಸ್ಟೇ ಕುಟುಂಬಗಳಿಗೆ ಒಗ್ಗುತ್ತದೋ ಇಲ್ಲವೋ ಎಂದು ತಿಳಿಯಲು ಜೋಕಾಲಿಗಳನ್ನು ಎಣಿಸಬೇಕಾಗಿಲ್ಲ. ಮಗುವಿನ ತಾಯಿ ಜಗಲಿಯಲ್ಲಿ ಅರ್ಧ ಗಂಟೆ ಕೂತು, ಬಿಸಿ ಕಾಫಿಯನ್ನು ಬಿಸಿಯಾಗಿರುವಾಗಲೇ ಕುಡಿಯಲು ಸಾಧ್ಯವೇ ಎಂದು ನೋಡಿದರೆ ಸಾಕು. ಮಾಲೀಕರು ಮಾಡಬೇಕಾದ ಸಣ್ಣಪುಟ್ಟ ಬದಲಾವಣೆಗಳೆಲ್ಲ ಈ ಒಂದು ಪ್ರಶ್ನೆಯಿಂದ ತಾವಾಗಿಯೇ ಹೊರಡುತ್ತವೆ ಎಂಬುದು ನನ್ನ ವಾದ.

ಮೊದಲು ನೀರು. ಕಾಫಿ ಸೀಮೆಯ ಬಹುತೇಕ ದೊಡ್ಡ ತೋಟಗಳಲ್ಲಿ ಒಂದು ಕೆರೆ ಇರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ರೋಬಸ್ಟಾ ಗಿಡಗಳಿಗೆ ಸ್ಪ್ರಿಂಕ್ಲರ್ ಹಾಕಿ ಹೂ ಅರಳಿಸಬೇಕು, ಅದಕ್ಕೆ ಬೇಕಾದ ನೀರು ಈ ಕೆರೆಯದು. ತೋಟಕ್ಕೆ ಅದು ಜೀವ. ಆದರೆ ಹೋಂಸ್ಟೇ ಆದ ಮೇಲೆ ಅದೇ ಕೆರೆ ಜಾಹೀರಾತಿನ ಚಿತ್ರವೂ ಆಗುತ್ತದೆ, ಮನೆಯ ಅತಿ ಅಪಾಯದ ಜಾಗವೂ ಆಗುತ್ತದೆ. ಏರಿ ಕಡಿದಾಗಿರುತ್ತದೆ, ಅಂಚಿನ ಮಣ್ಣು ಜಾರುತ್ತದೆ, ಎರಡು ಹೆಜ್ಜೆ ಮುಂದಿಟ್ಟರೆ ಆಳ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಸಿನಿಮಾದಲ್ಲಿ ತೋರಿಸುವ ಹಾಗೆ ಮುಳುಗುವ ಮಗು ಕೂಗಿಕೊಳ್ಳುವುದಿಲ್ಲ, ಕೈಬೀಸಿ ಕರೆಯುವುದಿಲ್ಲ. ಉಸಿರಿಗಾಗಿ ಒದ್ದಾಡುವ ಬಾಯಿಂದ ದನಿ ಬರುವುದಿಲ್ಲ. ಪಕ್ಕದಲ್ಲೇ ಇರುವವರಿಗೂ ಗೊತ್ತಾಗದೆ ಎಲ್ಲ ಮುಗಿದುಹೋಗಬಹುದು. ‘ಕೆರೆಗೆ ಇಳಿಯಬೇಡಿ’ ಎಂಬ ಫಲಕ ಓದು ಬಾರದ ಮಗುವನ್ನು ತಡೆಯಲಾರದು. ಮನೆಯ ಕಡೆಯಿಂದ ಕೆರೆಗೆ ಹೋಗುವ ದಾರಿಗೆ ನಾಲ್ಕಡಿ ಎತ್ತರದ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಗೇಟು, ಮಗುವಿನ ಕೈಗೆ ಎಟುಕದ ಎತ್ತರದಲ್ಲಿ ಚಿಲಕ, ಇಷ್ಟಾದರೆ ತಡೆಯಬಹುದು. ಸಂಪಿನ ಮುಚ್ಚಳ, ಬಾವಿಯ ಕಬ್ಬಿಣದ ಜಾಲರಿ, ರಾತ್ರಿ ತುಂಬಿಟ್ಟ ಬಕೆಟ್, ಇವೂ ಇದೇ ಲೆಕ್ಕದಲ್ಲಿ ಬರುತ್ತವೆ. ನಡೆಯಲು ಕಲಿಯುತ್ತಿರುವ ಮಗುವಿಗೆ ಅರ್ಧ ಬಕೆಟ್ ನೀರೂ ಆಳವೇ.

ಅದರ ನಂತರದ ಜಾಗ ಬಚ್ಚಲುಮನೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಒಲೆ ಹಾಕಿ ಹಂಡೆಯಲ್ಲಿ ಕಾಯಿಸಿದ ನೀರಿನ ಸ್ನಾನ ಅತಿಥಿಗಳಿಗೆ ತುಂಬ ಇಷ್ಟ, ಹೊಗೆಯ ಆ ವಾಸನೆಗೇ ಮನಸ್ಸು ಹಗುರಾಗುತ್ತದೆ. ಆದರೆ ಹಂಡೆಯ ನೀರಿಗೆ ಥರ್ಮೋಸ್ಟಾಟ್ ಇಲ್ಲ. 60 ಡಿಗ್ರಿ ಸೆಲ್ಸಿಯಸ್‌ನ ನೀರು ದೊಡ್ಡವರ ಚರ್ಮವನ್ನೇ ಸುಮಾರು ಐದು ಸೆಕೆಂಡಿನಲ್ಲಿ ಆಳವಾಗಿ ಸುಡಬಲ್ಲದು. ಮಕ್ಕಳ ಚರ್ಮ ತೆಳು, ಅವರಿಗೆ ಅಷ್ಟು ಹೊತ್ತೂ ಬೇಡ. ಗೀಸರ್ ಇದ್ದರೆ ಅದನ್ನು 50 ಡಿಗ್ರಿಯೊಳಗೆ ತಿರುಗಿಸಿಡುವುದು ಒಂದು ನಿಮಿಷದ ಕೆಲಸ. ಹಂಡೆ ಇದ್ದರೆ ತಣ್ಣೀರಿನ ನಲ್ಲಿ ಅದರ ಪಕ್ಕದಲ್ಲೇ ಇರಬೇಕು, ತಣ್ಣೀರು ಮೊದಲು, ಬಿಸಿನೀರು ಆಮೇಲೆ ಎಂದು ಅತಿಥಿಗಳಿಗೆ ಬಾಯಿಬಿಟ್ಟು ಹೇಳಬೇಕು. ಗ್ಯಾಸ್ ಗೀಸರನ್ನು ಕಿಟಕಿ ಇಲ್ಲದ ಸಣ್ಣ ಬಚ್ಚಲಿನೊಳಗೆ ಕೂರಿಸುವುದಂತೂ ಸಲ್ಲದು. ಗಾಳಿ ಸಾಲದೆ ಅರೆಬರೆ ಉರಿಯುವ ಗ್ಯಾಸಿನಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಒಳಗಿರುವವರಿಗೆ ಎಚ್ಚರಿಕೆಯನ್ನೇ ಕೊಡದೆ ಪ್ರಾಣ ತೆಗೆಯುತ್ತದೆ. ಚಳಿಗೆಂದು ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಿಕೊಂಡರೂ ಅದೇ ಅಪಾಯ. ಇದೇ ಬಚ್ಚಲಿನಲ್ಲಿ ಅಜ್ಜಿಯೂ ಸ್ನಾನ ಮಾಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಪಾಚಿ ಕಟ್ಟದ ಕಲ್ಲಿಲ್ಲ, ಕೆಂಪು ಆಕ್ಸೈಡಿನ ನೆಲವಂತೂ ನೀರು ಬಿದ್ದರೆ ಕನ್ನಡಿಯ ಹಾಗೆ ಜಾರುತ್ತದೆ. ಕಮೋಡಿನ ಪಕ್ಕ ಗೋಡೆಗೆ ಒಂದು ಗಟ್ಟಿ ಹಿಡಿಕೆ, ಕೂತು ಸ್ನಾನ ಮಾಡಲು ಅಲುಗಾಡದ ಪ್ಲಾಸ್ಟಿಕ್ ಸ್ಟೂಲು, ಕಾಲಡಿಗೆ ರಬ್ಬರ್ ಮ್ಯಾಟು, ಇವಿಷ್ಟಕ್ಕೂ ಸೇರಿ ತಗಲುವ ಖರ್ಚು ವಾರಾಂತ್ಯದ ಒಂದು ರಾತ್ರಿಯ ಬಾಡಿಗೆಯನ್ನು ಮೀರುವುದು ಕಷ್ಟ.

ಇಷ್ಟು ಹೇಳಿದ ಕೂಡಲೇ ಮಾಲೀಕರು ಕೇಳುವ ಪ್ರಶ್ನೆ ಒಂದಿದೆ: ಮಗುವನ್ನು ನೋಡಿಕೊಳ್ಳಬೇಕಾದವರು ಹೆತ್ತವರಲ್ಲವೇ? ಹೌದು, ಮೊದಲ ಹೊಣೆ ಅವರದೇ. ಆದರೆ ಗೊತ್ತಿಲ್ಲದ ಅಪಾಯವನ್ನು ಯಾರೂ ಕಾಯಲಾರರು. ತೋಟದ ಶೆಡ್ಡಿನಲ್ಲಿ ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದಿಟ್ಟ ಮೈಲುತುತ್ತದ ಚೀಲವಿದೆ, ನೀಲಿಯಾಗಿ ಹೊಳೆಯುವ ಆ ಹರಳುಗಳು ಮಗುವಿನ ಕಣ್ಣಿಗೆ ಕಲ್ಲುಸಕ್ಕರೆಯ ಹಾಗೆ ಕಾಣಬಹುದು ಎಂಬುದು ಬೆಂಗಳೂರಿನಿಂದ ಬಂದ ತಂದೆಗೆ ಹೇಗೆ ಹೊಳೆಯಬೇಕು? ಮಹಡಿಯ ಮರದ ಕಟಾಂಜನದ ಸಂದು ಎಷ್ಟು ಅಗಲ ಎಂದು ಕತ್ತಲಾದ ಮೇಲೆ ಬಂದಿಳಿದವರು ಅಳೆದು ನೋಡುತ್ತಾರೆಯೇ? ಅಮೆರಿಕದ ಕಟ್ಟಡ ನಿಯಮಗಳು ಇಂಥ ಸಂದು ನಾಲ್ಕು ಇಂಚನ್ನು, ಅಂದರೆ ಸುಮಾರು 10 ಸೆಂಟಿಮೀಟರನ್ನು ಮೀರಕೂಡದು ಎನ್ನುತ್ತವೆ, ಮಗುವಿನ ಮೈ ಅದರಲ್ಲಿ ನುಸುಳಬಾರದೆಂದು. ನಮ್ಮ ಹಳೆಯ ಮನೆಗಳ ಕಟಾಂಜನ ಈ ಲೆಕ್ಕವಿಟ್ಟು ಕಟ್ಟಿದ್ದಲ್ಲ. ಅದನ್ನು ಕಿತ್ತುಹಾಕಬೇಕಾಗಿಯೂ ಇಲ್ಲ, ಒಳಗಿನಿಂದ ಒಂದು ಬಲೆ ಬಿಗಿದರೆ ಆಯಿತು. ಮನೆಯ ಅಪಾಯಗಳೆಲ್ಲ ಗೊತ್ತಿರುವುದು ಮನೆಯವರಿಗೆ. ಬಾಡಿಗೆ ಪಡೆದ ಮೇಲೆ ಆ ತಿಳಿವಳಿಕೆಯನ್ನು ಬಳಸಿ ಮುನ್ನೆಚ್ಚರಿಕೆ ವಹಿಸುವುದೂ ಅವರು ಕೊಡುವ ಸೇವೆಯೊಳಗೇ ಸೇರಿದ್ದು.

ಊಟದ ವಿಷಯಕ್ಕೆ ಬರೋಣ. ಹೋಂಸ್ಟೇಗಳಿಗೆ ಹೆಸರು ಬಂದದ್ದೇ ಊಟದಿಂದ. ಕಡುಬು, ಅಕ್ಕಿರೊಟ್ಟಿ, ಕೊಡಗಿನ ಪಂದಿಕರಿ, ಕಳಲೆ ಪಲ್ಯ, ಇವು ಇರಲೇಬೇಕು. ತೊಂದರೆ ಇರುವುದು ಹೊತ್ತಿನಲ್ಲಿ. ಬೆಂಕಿ ಹಾಕಿ, ಹಾಡು ಮುಗಿದು, ಎಲೆ ಹಾಕುವಾಗ ರಾತ್ರಿ ಒಂಬತ್ತೂವರೆ. ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳೆಸಿ ವಾಂತಿ ಮಾಡಿಕೊಂಡ ಮಗು ಅಷ್ಟು ಹೊತ್ತಿಗೆ ಹಸಿದು, ಅತ್ತು, ನಿದ್ದೆ ಹೋಗಿರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವ ಅಜ್ಜನಿಗೆ ಊಟ ತಡವಾದರೆ ಅದು ಬರೀ ಹಸಿವಲ್ಲ, ಸಕ್ಕರೆ ಅಂಶ ಇಳಿದು ಪ್ರಜ್ಞೆ ತಪ್ಪುವ ಭಯ. ಏಳು ಗಂಟೆಗೆ ಬಿಸಿ ಅನ್ನ, ಖಾರವಿಲ್ಲದ ತಿಳಿಸಾರು, ತುಪ್ಪ, ಒಂದು ಬಟ್ಟಲು ಮೊಸರು ಸಿದ್ಧವಿದ್ದರೆ ಆ ಮನೆಯವರ ಅರ್ಧ ಚಿಂತೆ ಕಳೆಯಿತು. ಇದಕ್ಕೆ ಹೊಸ ಅಡುಗೆ ಬೇಕಿಲ್ಲ. ಒಗ್ಗರಣೆಗೆ ಮೊದಲು ಒಂದಿಷ್ಟು ಬೇಳೆಕಟ್ಟು ತೆಗೆದಿಟ್ಟರೆ ಸಾಕು. ಮತ್ತೊಂದು ಚಿಕ್ಕ ಸಂಗತಿಯಿದೆ, ಇದನ್ನು ಮಾಡಿಕೊಡುವ ಮನೆಗಳು ಕಡಿಮೆ: ಕೋಣೆಯಲ್ಲಿ ಒಂದು ಕೆಟಲ್, ಕುದಿಸಿದ ನೀರಿನ ಫ್ಲಾಸ್ಕ್, ಸಣ್ಣ ಪಾತ್ರೆ, ಬಾಟಲಿ ತೊಳೆಯುವ ಬ್ರಷ್. ರಾತ್ರಿ ಎರಡು ಗಂಟೆಗೆ ಮಗು ಎದ್ದಾಗ ಹಾಲಿಗೋ ರಾಗಿ ಸರಿಗೋ ಮನೆಯೊಡತಿಯನ್ನು ಎಬ್ಬಿಸುವ ಸಂಕೋಚ ಆ ತಾಯಿಗೆ ಬರಬಾರದು. ಕೆಟಲ್‌ನ ವೈರು ಮಾತ್ರ ಮೇಜಿನಿಂದ ಕೆಳಗೆ ಜೋತಾಡದಿರಲಿ.

ಹೋಂಸ್ಟೇಗೆ ಬರುವ ಮೊದಲೇ ತಿಳಿಯಬೇಕಾದ ವಿಷಯಗಳಲ್ಲಿ ಪ್ರಾಮಾಣಿಕತೆ ಬೇಕು. ಏರ್‌ಬಿಎನ್‌ಬಿಯಂಥ ತಾಣಗಳು ಎರಡು ವರ್ಷದೊಳಗಿನವರನ್ನು ಶಿಶುಗಳೆಂದು, 2ರಿಂದ 12ರವರನ್ನು ಮಕ್ಕಳೆಂದು, 13 ತುಂಬಿದವರನ್ನು ದೊಡ್ಡವರೆಂದು ವಿಂಗಡಿಸಿ ಕೇಳುತ್ತವೆ. ಆ ಲೆಕ್ಕ ಮಾಲೀಕರ ಕೈಗೆ ಬಂದ ಮೇಲೆ ಏನಾಗುತ್ತದೆ ಎಂಬುದು ಮುಖ್ಯ. ಶಿಶು ಇದೆ ಎಂದು ಗೊತ್ತಾದ ಕೂಡಲೇ ಫೋನ್ ಮಾಡಿ, ‘ತೊಟ್ಟಿಲು ಬೇಕಾ ಅಕ್ಕ, ಇಲ್ಲಾ ನೆಲದ ಮೇಲೇ ಹಾಸಿಗೆ ಹಾಕಿಸಲಾ?’ ಎಂದು ಕೇಳುವವರ ಮನೆಯಲ್ಲಿ ಅರ್ಧ ಕೆಲಸ ಮುಗಿದಂತೆ. ಕೊನೆಯ ಒಂದು ಕಿಲೋಮೀಟರು ಜೀಪಿನಲ್ಲೇ ಬರಬೇಕು, ಮನೆಗೆ ಮೂವತ್ತು ಮೆಟ್ಟಿಲು ಹತ್ತಬೇಕು, ಮಳೆಗಾಲದಲ್ಲಿ ಎರಡು ದಿನ ಕರೆಂಟು ಹೋಗುವುದುಂಟು, ಮೊಬೈಲ್ ಸಿಗ್ನಲ್ ಗೇಟಿನ ಹತ್ತಿರ ಮಾತ್ರ, ಸಂಜೆಯ ಮೇಲೆ ಆನೆ ಓಡಾಡುತ್ತದೆ, ಮಕ್ಕಳ ಡಾಕ್ಟರು ಇಷ್ಟು ದೂರದ ಊರಿನಲ್ಲಿದ್ದಾರೆ, ಇವನ್ನೆಲ್ಲ ಮುಚ್ಚಿಟ್ಟರೆ ಬುಕ್ಕಿಂಗ್ ಒಂದು ಹೆಚ್ಚಾಗಬಹುದು, ಬಂದವರು ಮತ್ತೆ ಬರುವುದಿಲ್ಲ. ಹೇಳಿದರೆ ಅವರು ಸಿದ್ಧರಾಗಿ ಬರುತ್ತಾರೆ. ಮೆಟ್ಟಿಲಿನ ಸಂಖ್ಯೆ ತಿಳಿದರೆ ಅಜ್ಜಿಯನ್ನು ಕರೆತರಬೇಕೋ ಬೇಡವೋ ಎಂದು ಅವರೇ ತೀರ್ಮಾನಿಸಬಹುದು. ತೋಟದ ನಾಯಿಗೆ ರೇಬೀಸ್ ಚುಚ್ಚುಮದ್ದು ಹಾಕಿಸಿದ ಚೀಟಿ, 108 ಆಂಬುಲೆನ್ಸಿಗೆ ದಾರಿ ಹೇಳಲು ಬೇಕಾದ ಗುರುತುಗಳು, ಇವು ಬಾಗಿಲಿನ ಹಿಂದೆ ಒಂದು ಹಾಳೆಯಲ್ಲಿ ಕನ್ನಡದಲ್ಲೂ ಇರಲಿ.

ಇದೆಲ್ಲ ಮಾಡಿದರೆ ತೋಟದ ಸೊಗಸೇ ಹೋಗುತ್ತದೆ, ಪೇಟೆಯ ಅಪಾರ್ಟ್‌ಮೆಂಟಿನ ಹಾಗಾಗುತ್ತದೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಮಕ್ಕಳು ಮಣ್ಣಿನಲ್ಲಿ ಆಡಬೇಕು, ಮಂಡಿ ತರಚಿಕೊಳ್ಳಬೇಕು, ಜಿಗಣೆ ಕಚ್ಚಿಸಿಕೊಂಡು ಕಿರುಚಬೇಕು. ನನಗೂ ಇದರಲ್ಲಿ ಎರಡು ಮಾತಿಲ್ಲ. ಆದರೆ ತರಚುಗಾಯ ಒಂದು ಬಗೆ, ಕೆರೆ ಇನ್ನೊಂದು ಬಗೆ. ಮತ್ತೆಂದೂ ಸರಿಪಡಿಸಲಾಗದ ನಾಲ್ಕೈದು ಅಪಾಯಗಳಿಗೆ ಬೇಲಿ ಹಾಕಿದರೆ ಉಳಿದ ಹತ್ತು ಎಕರೆಯಲ್ಲಿ ಮಗುವನ್ನು ಬಿಡಲು ತಾಯಿಗೆ ಧೈರ್ಯ ಬರುತ್ತದೆ. ಬೇಲಿ ಇಲ್ಲದ ತೋಟದಲ್ಲೇ ಮಕ್ಕಳು ಕೋಣೆಯೊಳಗೆ ಕೂತು ಮೊಬೈಲ್ ನೋಡುವುದು. ಬಣ್ಣದ ಪ್ಲಾಸ್ಟಿಕ್ ಜಾರುಬಂಡಿಗೆ ಹಣ ಹಾಕುವ ಅಗತ್ಯವನ್ನು ನಾನು ಕಾಣೆ. ಡಿಸೆಂಬರ್‌ನಲ್ಲಿ ಅರೇಬಿಕಾ ಹಣ್ಣು ಬಿಡಿಸುವಾಗ ಒಂದು ಸಣ್ಣ ಬುಟ್ಟಿ ಕೊಟ್ಟು ಸಾಲಿನಲ್ಲಿ ನಿಲ್ಲಿಸಿ, ಕಣದಲ್ಲಿ ಒಣಗುವ ಕಾಫಿಯನ್ನು ಕಾಲಿನಿಂದ ಎಳೆಯಲು ಬಿಡಿ, ಅಷ್ಟಕ್ಕೇ ಒಂದು ಬೆಳಗು ಕಳೆಯುತ್ತದೆ.

ದುಡ್ಡಿನ ಲೆಕ್ಕವೂ ಇದೆ. ಗೆಳೆಯರ ಗುಂಪು ಹೆಚ್ಚು ಖರ್ಚು ಮಾಡುತ್ತದೆ, ಮಕ್ಕಳಿದ್ದವರು ಹಾಸಿಗೆ ಒದ್ದೆ ಮಾಡಿ ಹೋಗುತ್ತಾರೆ ಎನ್ನುವವರಿದ್ದಾರೆ. ಹಾಸಿಗೆಗೆ ನೀರಿಳಿಯದ ಹೊದಿಕೆ ಸಿಗುತ್ತದೆ. ಗುಂಪುಗಳು ಬರುವುದು ಹೆಚ್ಚಾಗಿ ಶನಿವಾರ, ಭಾನುವಾರ. ಬೇಸಿಗೆ ಮತ್ತು ದಸರೆ ರಜೆಯ ನಡುವಾರದ ದಿನಗಳನ್ನು ತುಂಬುವವರು ಶಾಲೆಗೆ ಹೋಗುವ ಮಕ್ಕಳ ಮನೆಯವರು. ಗುಂಪನ್ನೂ ಕುಟುಂಬವನ್ನೂ ಒಂದೇ ರಾತ್ರಿ, ಒಂದೇ ಅಂಗಳದಲ್ಲಿ ಇಟ್ಟುಕೊಂಡರೆ ಇಬ್ಬರಿಗೂ ಅಸಮಾಧಾನ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ ಎಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ಅದನ್ನು ಪಾಲಿಸಿದರೂ ಸಂಜೆಯ ಡಿಜೆ ಕೂಸನ್ನು ಮಲಗಲು ಬಿಡುವುದಿಲ್ಲ.

ಕೊನೆಯ ಆಕ್ಷೇಪವೇ ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ: ಬಂದ ಮನೆಯ ಹೆಣ್ಣಿನ ಹೊರೆಯನ್ನು ಇಳಿಸಿ ಹೋಂಸ್ಟೇ ಮನೆಯ ಹೆಣ್ಣಿನ ತಲೆಗೆ ಹೇರಿದಂತೆ ಆಗುವುದಿಲ್ಲವೇ? ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ನೋಂದಾಯಿಸುವ ಹೋಂಸ್ಟೇಯಲ್ಲಿ ಮಾಲೀಕರು ಅಲ್ಲೇ ವಾಸವಿರಬೇಕು, ಆರು ಕೋಣೆಗಿಂತ ಹೆಚ್ಚು ಬಾಡಿಗೆಗೆ ಕೊಡುವಂತಿಲ್ಲ. ಅಂದರೆ ದೊಡ್ಡ ಸಿಬ್ಬಂದಿ ಇಲ್ಲ, ಅಡುಗೆಮನೆಯಲ್ಲಿ ಇರುವುದು ಮನೆಯೊಡತಿ ಮತ್ತು ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಒಬ್ಬಿಬ್ಬರು ಹೆಂಗಸರು. ಆದ್ದರಿಂದಲೇ ಮಗುವಿನ ಊಟಕ್ಕೆ ಬೇರೆ ದರವಿದ್ದರೆ ಅದನ್ನು ಮೊದಲೇ ಹೇಳಿ ಪಡೆಯಬೇಕು, ಆ ಹಣದಲ್ಲಿ ಅಡುಗೆಯವರಿಗೂ ಪಾಲು ಸೇರಬೇಕು, ಕೆಟಲ್ ಮತ್ತು ಫ್ಲಾಸ್ಕ್ ಕೋಣೆಯಲ್ಲೇ ಇರಬೇಕು. ಊಟ ಏಳು, ಏಳೂವರೆಗೆ ಮುಗಿದರೆ ಕೂಸಿಗೂ ಅಜ್ಜನಿಗೂ ಹೇಗೆ ಅನುಕೂಲವೋ ಅಡುಗೆಯ ಹೆಂಗಸರಿಗೂ ಹಾಗೆಯೇ. ಒಂಬತ್ತೂವರೆಗೆ ಊಟ ಬಡಿಸಿ, ಪಾತ್ರೆ ತೊಳೆದು, ಟಾರ್ಚ್ ಹಿಡಿದು ಆನೆ ಓಡಾಡುವ ದಾರಿಯಲ್ಲಿ ಅವರು ಲೈನ್ ಮನೆಗೆ ಹೋಗಬೇಕಾಗುತ್ತದೆ. ತಡರಾತ್ರಿಯ ಊಟ ಬೇಕೆನ್ನುವ ಅತಿಥಿಗಳಿಗೆ ಅದನ್ನೂ ಬಿಡಿಸಿ ಹೇಳಿದರೆ ಹೆಚ್ಚಿನವರು ಬೇಗ ಊಟಕ್ಕೆ ಕೂರಲು ಒಪ್ಪುತ್ತಾರೆ, ಒಪ್ಪದಿದ್ದರೆ ಅವರ ಪಾಲನ್ನು ಹಾಟ್‌ಬಾಕ್ಸಿನಲ್ಲಿ ಮುಚ್ಚಿಟ್ಟು ಬಡಿಸಿಕೊಳ್ಳಲು ಹೇಳಬಹುದು.