ಚೊಚ್ಚಲ ಕೃತಿಯೂ ಮಕ್ಕಳ ಕಿವಿಯೂ

ಗ್ರಂಥವೊಂದು ಅಚ್ಚಿನ ಮನೆಯಿಂದ ಹೊರಬಂದ ದಿನವೇ ಅದರ ಜನ್ಮದಿನವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಿಚಾರಿಸಿ ನೋಡಿದರೆ ಅದು ಅರ್ಧಸತ್ಯ ಮಾತ್ರ. ಓದುವವನ ಮನಸ್ಸನ್ನು ಹೊಗುವವರೆಗೆ ಗ್ರಂಥವು ಕಟ್ಟಿಟ್ಟ ಕಾಗದವೇ ಸರಿ. ಮಕ್ಕಳ ಪುಸ್ತಕದ ವಿಷಯದಲ್ಲಂತೂ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ದೊಡ್ಡವರ ಪುಸ್ತಕವನ್ನು ಆಯುವವನೂ ಕೊಳ್ಳುವವನೂ ಓದುವವನೂ ಸಾಮಾನ್ಯವಾಗಿ ಒಬ್ಬನೇ. ಮಕ್ಕಳ ಪುಸ್ತಕವನ್ನಾದರೋ ಆಯ್ದುಕೊಡುವವರು ಗುರುಗಳು, ಹಣ ತೆರುವವರು ತಂದೆತಾಯಿಗಳು, ಓದಬೇಕಾದುದು ಮಗು. ಈ ಮೂವರನ್ನೂ ಒಂದೆಡೆ ಕೂಡಿಸದೆ ಮಕ್ಕಳ ಸಾಹಿತಿಯ ಶ್ರಮ ಸಾರ್ಥಕವಾಗದು. ಹೆಸರಾಂತ ಲೇಖಕರಿಗೆ ಈ ಕೆಲಸವನ್ನು ಅವರ ಹೆಸರೇ ಮಾಡಿಕೊಡುತ್ತದೆ. ಮೊದಲ ಪುಸ್ತಕ ಬರೆದವರಿಗೆ ಹೆಸರಿಲ್ಲ. ಇರುವುದು ಕಾಲು, ಕಂಠ ಎರಡೇ. ಇವೆರಡನ್ನೂ ಬಳಸುವ ಬಗೆಯನ್ನು ಕುರಿತು ನನ್ನ ಅಲ್ಪಾನುಭವದಿಂದ ಕೆಲವು ಮಾತುಗಳನ್ನು ಇಲ್ಲಿ ನಿವೇದಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನಲ್ಲಿ ಓದಿದ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಆಕೆ ಆಗ ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ತರಗತಿಯಲ್ಲಿ ತಾನು ಹೇಳುತ್ತಿದ್ದ ಕಥೆಗಳನ್ನೇ ಬರೆದು, ಕೈಬಳೆಗಳನ್ನು ಒತ್ತೆಯಿಟ್ಟು, ಸಾವಿರ ಪ್ರತಿಗಳನ್ನು ಅಚ್ಚು ಹಾಕಿಸಿದ್ದಳು. ಬಿಡುಗಡೆಯ ಸಮಾರಂಭ ನಡೆಯಿತು, ಹಾರತುರಾಯಿಗಳಾದುವು, ಭಾಷಣಗಳಾದುವು. ಬಂದವರೆಲ್ಲ ಗೌರವಪ್ರತಿಗಳನ್ನು ಹಿಡಿದು ಹೊರಟರು. ಉಳಿದ ಒಂಬೈನೂರು ಚಿಲ್ಲರೆ ಪ್ರತಿಗಳು ಮಂಚದ ಕೆಳಗೆ ಸೇರಿದುವು. “ಗುರುಗಳೇ, ಮಳೆಗಾಲ ಬಂದರೆ ಗೆದ್ದಲಿಗೆ ಆಹಾರವಾಗುತ್ತದೆ. ಏನು ಮಾಡಲಿ?” ಎಂದು ಕೇಳಿದಳು. ಕಾವ್ಯ ವ್ಯಾಕರಣಗಳನ್ನು ಬಲ್ಲ ನನಗೆ ಆ ಪ್ರಶ್ನೆಗೆ ಒಡನೆ ಉತ್ತರ ಹೊಳೆಯಲಿಲ್ಲ.

ಉತ್ತರವು ನಮ್ಮ ಶಬ್ದಗಳಲ್ಲಿಯೇ ಅಡಗಿತ್ತೆಂಬುದು ಆಮೇಲೆ ತಿಳಿಯಿತು. ‘ಪ್ರಚಾರ’ವೆಂದರೆ ಇಂದು ಗೋಡೆಯ ಬರಹ, ಪತ್ರಿಕೆಯ ಜಾಹೀರಾತು, ಕೈಯಲ್ಲಿ ಹಿಡಿದ ಮೊಬೈಲಿನ ಚಿತ್ರ ಎಂದು ತಿಳಿಯುತ್ತೇವೆ. ಧಾತ್ವರ್ಥವನ್ನು ನೋಡಿದರೆ ‘ಚರ್’ ಎಂದರೆ ನಡೆಯುವುದು, ಸಂಚರಿಸುವುದು. ಪ್ರಚಾರವೆಂದರೆ ಮುಂದಕ್ಕೆ ನಡೆದು ಹೋಗುವುದು. ಹಾಗೆಯೇ ‘ವಾಚನ’ವೆಂಬುದು ‘ವಚ್’ ಧಾತುವಿನ ಪ್ರೇರಣಾರ್ಥಕದಿಂದ ಆದ ಶಬ್ದ. ಬರೆದಿಟ್ಟ ಅಕ್ಷರವನ್ನು ಮಾತನಾಡಿಸುವುದೇ ವಾಚನ. ಮುದ್ರಣಯಂತ್ರ ಬರುವುದಕ್ಕೆ ಶತಮಾನಗಳ ಮೊದಲೇ ಕುಮಾರವ್ಯಾಸನ ಭಾರತವೂ ಲಕ್ಷ್ಮೀಶನ ಜೈಮಿನಿಯೂ ಭೀಮಕವಿಯ ಬಸವಪುರಾಣವೂ ಅಕ್ಷರವರಿಯದ ಜನರ ನಾಲಗೆಯ ಮೇಲೆ ನಲಿದುದು ಹೇಗೆ? ಒಬ್ಬರು ವಾಚಿಸಿದರು, ಮತ್ತೊಬ್ಬರು ಅರ್ಥ ಹೇಳಿದರು, ಊರು ಕುಳಿತು ಕೇಳಿತು. ಶ್ರಾವಣಮಾಸದಲ್ಲಿ ಮಠಗಳಲ್ಲಿ ನಡೆಯುವ ಪುರಾಣವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಡೆದು ಹೋಗಿ ಓದಿ ಹೇಳುವುದು ನಮ್ಮ ನಾಡಿಗೆ ಹೊಸತಲ್ಲ. ಮರೆತುದನ್ನು ನೆನೆಯಬೇಕಾಗಿದೆ, ಅಷ್ಟೆ.

ಆಧುನಿಕ ಕಾಲದಲ್ಲಿಯೂ ಇದಕ್ಕೆ ಉಜ್ಜ್ವಲ ನಿದರ್ಶನಗಳುಂಟು. ಕಾದಂಬರಿಕಾರರಾದ ಗಳಗನಾಥರು (೧೮೬೯–೧೯೪೨) ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಸಂಗತಿ ಕನ್ನಡಿಗರಿಗೆ ಚಿರಪರಿಚಿತ. ಮಕ್ಕಳ ಸಾಹಿತ್ಯದ ಆದ್ಯರಲ್ಲಿ ಒಬ್ಬರಾದ ಪಂಜೆ ಮಂಗೇಶರಾಯರು (೧೮೭೪–೧೯೩೭) ಕನ್ನಡ ಪಂಡಿತರಾಗಿ ಉದ್ಯೋಗವನ್ನಾರಂಭಿಸಿ ಮುಂದೆ ಶಾಲಾ ತನಿಖಾಧಿಕಾರಿಗಳಾದರು. ತನಿಖೆಗೆ ಬಂದ ಅಧಿಕಾರಿಯನ್ನು ಕಂಡರೆ ಮಕ್ಕಳು ನಡುಗುತ್ತಿದ್ದ ಕಾಲದಲ್ಲಿ ಪಂಜೆಯವರು ಕಥೆ ಹೇಳಿ, ಹಾಡಿ, ಮಕ್ಕಳನ್ನು ನಗಿಸಿದರು. ಮಂಗಳೂರಿನಲ್ಲಿ ‘ಬಾಲಸಾಹಿತ್ಯ ಮಂಡಲ’ವನ್ನು ಕಟ್ಟಿ ಮಕ್ಕಳಿಗಾಗಿ ಪುಸ್ತಕಗಳನ್ನು ಹೊರತಂದರು. ಜಿ. ಪಿ. ರಾಜರತ್ನಂ ಅವರು ಎಂ. ಎ. ಪದವಿ ಪಡೆದ ಬಳಿಕ ಕೆಲಕಾಲ ಪುಟ್ಟ ಮಕ್ಕಳಿಗೆ ಪಾಠ ಹೇಳಿದರು. ಅವರ ಶಿಶುಗೀತೆಗಳ ಹುಟ್ಟಿಗೆ ಆ ತರಗತಿಯೇ ಕಾರಣ. ಪುಸ್ತಕಗಳನ್ನು ತಾವೇ ಪ್ರಕಟಿಸಿ, ಹೋದೆಡೆಗೆಲ್ಲ ಕೊಂಡೊಯ್ದು ಓದುಗರಿಗೆ ಮುಟ್ಟಿಸುವುದನ್ನು ಅವರು ‘ಸಾಹಿತ್ಯ ಪರಿಚಾರಿಕೆ’ ಎಂದು ಬಗೆದಿದ್ದರು. ಪರಿಚಾರಿಕೆಯೆಂದರೆ ಸೇವೆ. ೧೯೭೯ರಲ್ಲಿ ಅವರು ತೀರಿಕೊಂಡರು. ಅವರ ತುತ್ತೂರಿಯ ದನಿ ಇಂದಿಗೂ ಮಕ್ಕಳ ಕಿವಿಯಲ್ಲಿದೆ. ಈ ಮಹನೀಯರಿಗೆ ಪ್ರತಿಭೆಯಿದ್ದುದು ನಿಜ. ಆದರೆ ಓದುಗರ ಬಳಿಗೆ ತಾವೇ ಹೋಗುವುದರಿಂದ ಗೌರವಕ್ಕೆ ಕುಂದೆಂದು ಅವರು ತಿಳಿಯಲಿಲ್ಲವೆಂಬುದೂ ಅಷ್ಟೇ ನಿಜ.

ಈ ಮಾತುಗಳಿಂದ ಉತ್ಸಾಹಗೊಂಡು ನಾವಿಬ್ಬರೂ ಹೊರಟೆವು. ಮೊದಲನೆಯ ಯಾತ್ರೆಯೇ ನಿಷ್ಫಲವಾಯಿತೆಂದು ಒಪ್ಪಿಕೊಳ್ಳಬೇಕು. ಒಂದು ಶಾಲೆಯಲ್ಲಿ ಇನ್ನೂರು ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ಕೂರಿಸಿದ್ದರು. ನಾನು ಮಕ್ಕಳ ಸಾಹಿತ್ಯದ ಮಹತ್ತ್ವವನ್ನು ಕುರಿತು ಅರ್ಧ ಗಂಟೆ ಉಪನ್ಯಾಸ ಮಾಡಿದೆ. ಆಕೆಯ ವಾಚನಕ್ಕೆ ಉಳಿದುದು ಹತ್ತೇ ನಿಮಿಷ. ಹಿಂದಿನ ಸಾಲಿಗೆ ಅದು ಕೇಳಿಸಲಿಲ್ಲ. ಬಳಿಕ ಬೇಕಾದವರು ಮುಂದೆ ಬಂದು ಪುಸ್ತಕ ಕೊಳ್ಳಬಹುದೆಂದು ಸಾರಲಾಯಿತು. ಕೆಲವರು ಹಣ ತೆತ್ತು ಕೊಂಡರು. ನೇಕಾರರ ಮನೆಯ ಹುಡುಗನೊಬ್ಬ ಬರಿಗೈಯಲ್ಲಿ ಬಂದು, ಮೇಜಿನ ಮೇಲಿದ್ದ ಪುಸ್ತಕದ ಹೊದಿಕೆಯನ್ನು ಬೆರಳಿನಿಂದ ಸವರಿ, ಯಾರಾದರೂ ನೋಡಿದರೇನೋ ಎಂದು ಹಿಂದಿರುಗಿ ನೋಡಿ, ಮೆಲ್ಲನೆ ಸರಿದುಹೋದ. ಬಸ್ಸಿನಲ್ಲಿ ಆಕೆ ಮಾತನಾಡಲಿಲ್ಲ. ನಮ್ಮ ಊರಿನ ಮಗುವಿಗೆ ಪುಸ್ತಕದ ಆಸೆ ಹುಟ್ಟಿಸಿ, ಅವನು ಬಡವನೆಂಬುದನ್ನು ಸಹಪಾಠಿಗಳೆದುರಿಗೆ ನಾವೇ ಸಾರಿ ಬಂದಿದ್ದೆವು. ಸಾಲ ತೀರಿಸುವ ಆತುರದಲ್ಲಿ ಈ ತಪ್ಪಾಯಿತು. ಅಂದಿನಿಂದ ಒಂದು ನಿಯಮವನ್ನು ಹಾಕಿಕೊಂಡೆವು: ತರಗತಿಯ ಹೊಸ್ತಿಲೊಳಗೆ ಮಾರಾಟ ಕೂಡದು.

ಆ ನಿಯಮದ ಜೊತೆಗೆ ಅನುಭವವು ಕಲಿಸಿದ ಕ್ರಮಗಳನ್ನು ಹೇಳುತ್ತೇನೆ. ಮೊದಲನೆಯದು ಅನುಮತಿ. ಮುಖ್ಯೋಪಾಧ್ಯಾಯರನ್ನು ಮುಂಚಿತವಾಗಿ ಕಂಡು, ಪುಸ್ತಕದ ಒಂದು ಪ್ರತಿಯನ್ನು ಕೊಟ್ಟು, ಅವರು ಓದಿದ ಮೇಲೆಯೇ ದಿನವನ್ನು ಗೊತ್ತುಮಾಡಬೇಕು. ಹಲವು ಸರ್ಕಾರಿ ಶಾಲೆಗಳಿಗೆ ಹೋಗುವುದಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮನವಿ ಬರೆಯುವುದು ಯುಕ್ತ. ಪರೀಕ್ಷೆಯ ತಿಂಗಳನ್ನು ವರ್ಜಿಸಬೇಕು. ಗುರುಗಳು ಮೊದಲೇ ಪುಸ್ತಕವನ್ನು ಓದಿದ್ದರೆ ಲೇಖಕರು ಹೋದ ಮೇಲೂ ಅದರ ಮಾತು ತರಗತಿಯಲ್ಲಿ ಮುಂದುವರಿಯುತ್ತದೆ.

ಎರಡನೆಯದು ಸಭೆಯ ಗಾತ್ರ. ಮೂವತ್ತು ನಲವತ್ತು ಮಕ್ಕಳಿಗೆ ಮೀರದಂತೆ ಒಂದು ತರಗತಿಯಲ್ಲಿಯೇ ಕೂರಬೇಕು. ಸಾಧ್ಯವಾದರೆ ನೆಲದ ಮೇಲೆ, ವೃತ್ತಾಕಾರವಾಗಿ. ಹಿಂದಿನ ಮಗುವಿಗೆ ಪುಸ್ತಕದ ಚಿತ್ರ ಕಾಣಬೇಕು, ದನಿ ಮುಟ್ಟಬೇಕು.

ಮೂರನೆಯದು ವಾಚನಕ್ರಮ. ಇಡೀ ಪುಸ್ತಕವನ್ನು ಓದಲು ಹೊರಡಬಾರದು. ಹತ್ತು ಹನ್ನೆರಡು ನಿಮಿಷಗಳಲ್ಲಿ ಮುಗಿಯುವ ಒಂದು ಕಥೆಯನ್ನು ಪೂರ್ತಿಯಾಗಿ ಓದಬೇಕು, ಮಗುವಿಗೆ ತೃಪ್ತಿಯಾಗಬೇಕು. ಅನಂತರ ಮತ್ತೊಂದನ್ನು ಆರಂಭಿಸಿ, ಕುತೂಹಲ ಏರಿದೆಡೆ ನಿಲ್ಲಿಸಿ, ಪುಸ್ತಕವನ್ನು ಗುರುಗಳ ಕೈಗೆ ಒಪ್ಪಿಸಬೇಕು. ಉಳಿದುದನ್ನು ಮಕ್ಕಳೇ ಓದಿ ತಿಳಿಯುತ್ತಾರೆ. ಸಂಭಾಷಣೆಯಲ್ಲಿ ದನಿಯ ಭೇದವಿರಲಿ. ನಾಟಕದ ಅತಿರೇಕ ಬೇಡ. ಅಲ್ಪಪ್ರಾಣ ಮಹಾಪ್ರಾಣಗಳ ಸ್ಪಷ್ಟೋಚ್ಚಾರಣೆ ಅಗತ್ಯ; ಅನೇಕ ಮಕ್ಕಳು ಪುಸ್ತಕದ ಕನ್ನಡವನ್ನು ಕಿವಿಯಾರ ಕೇಳುವುದು ಇಂತಹ ಸಂದರ್ಭದಲ್ಲಿಯೇ. ಕಥೆಯ ಕೊನೆಗೆ “ಇದರಿಂದ ಕಲಿತ ನೀತಿಯೇನು?” ಎಂದು ಕೇಳುವ ನಮ್ಮ ಹಳೆಯ ಚಾಳಿಯನ್ನು ಬಿಡಬೇಕು. ಮಕ್ಕಳು ಪ್ರಶ್ನೆ ಕೇಳಲಿ. ದೇವನಹಳ್ಳಿಯ ಬಳಿಯ ಹುಡುಗಿಯೊಬ್ಬಳು “ಕಥೆಯಲ್ಲಿ ಅಜ್ಜಿಯೊಬ್ಬಳೇ ಏಕೆ ಅಡಿಗೆ ಮಾಡುತ್ತಾಳೆ? ತಾತನಿಗೆ ಬರುವುದಿಲ್ಲವೆ?” ಎಂದು ಕೇಳಿದಳು. ಲೇಖಕಿಯ ಬಳಿ ಉತ್ತರವಿರಲಿಲ್ಲ. ಮುಂದಿನ ಮುದ್ರಣದಲ್ಲಿ ತಾತನನ್ನೂ ಒಲೆಯ ಮುಂದೆ ಕೂರಿಸುವುದಾಗಿ ಒಪ್ಪಿಕೊಂಡಳು. ಯಾವ ವಿಮರ್ಶಕರೂ ತೋರಿಸದ ದೋಷವನ್ನು ಆ ಮಗು ತೋರಿಸಿಕೊಟ್ಟಿತು.

ನಾಲ್ಕನೆಯದು ದೇಶಭಾಷಾಜ್ಞಾನ. ನಮ್ಮ ನಾಲ್ಕು ತಾಲ್ಲೂಕುಗಳೂ ಒಂದೇ ಬಗೆಯವಲ್ಲ. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು ಮನೆಯನ್ನೇ ತುಂಬಿರುತ್ತದೆ. ಅಲ್ಲಿಯ ಮಗುವಿಗೆ ಶಾಲೆ ಅಥವಾ ಗ್ರಂಥಾಲಯವೇ ಓದಿನ ನಿಶ್ಶಬ್ದ ಸ್ಥಾನ. ೨೦೦೮ರಲ್ಲಿ ವಿಮಾನನಿಲ್ದಾಣ ಬಂದಂದಿನಿಂದ ದೇವನಹಳ್ಳಿಯ ಸುತ್ತ ಚಕ್ಕೋತದ ತೋಟಗಳ ನೆರೆಯಲ್ಲಿಯೇ ಹೊಸ ಬಡಾವಣೆಗಳೆದ್ದಿವೆ. ಹೊಸಕೋಟೆಯ ತರಗತಿಗಳಲ್ಲಿ ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡುವ ಮಕ್ಕಳು ಕನ್ನಡದ ಮಕ್ಕಳೊಡನೆ ಕುಳಿತಿರುತ್ತಾರೆ. ಹೆದ್ದಾರಿಗಳು ಕೂಡುವ ನೆಲಮಂಗಲದಲ್ಲಿ ದುಡಿಮೆಯನ್ನರಸಿ ದೂರದಿಂದ ಬಂದವರ ಮಕ್ಕಳುಂಟು. ಕಥೆಯಲ್ಲಿ ಬರುವ ಕಠಿನ ಪದವೊಂದನ್ನು ಓದುವ ಮೊದಲೇ ಕೈಸನ್ನೆಯಿಂದಲೋ ಚಿತ್ರದಿಂದಲೋ ತಿಳಿಸಿದರೆ ಕನ್ನಡ ಮನೆಮಾತಲ್ಲದ ಮಗುವೂ ನಗುವ ಕಡೆ ನಗುತ್ತದೆ.

ಇನ್ನು ಮಾರಾಟದ ಪ್ರಶ್ನೆ. ಸಾಲವು ತೀರಬೇಕಷ್ಟೆ, ಲೇಖಕಿಯೂ ಸಂಸಾರಸ್ಥಳು. ಹೋದ ಪ್ರತಿ ಶಾಲೆಗೂ ಎರಡು ಪ್ರತಿಗಳನ್ನು ಉಚಿತವಾಗಿ ಬಿಟ್ಟುಬರುವುದೆಂದು ನಿಶ್ಚಯಿಸಿದೆವು. ಒಂದು ಗುರುಗಳಿಗೆ, ಮತ್ತೊಂದು ಕೈಯಿಂದ ಕೈಗೆ ತಿರುಗಲು. ಆ ಊರುಗಳಲ್ಲಿಯೇ ಸಂಜೆಯ ವೇಳೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿಯೋ ದೇವಸ್ಥಾನದ ಜಗುಲಿಯಲ್ಲಿಯೋ, ಹಿರಿಯರೂ ಕಿರಿಯರೂ ಕೂಡಿದ ವಾಚನವನ್ನಿಟ್ಟುಕೊಂಡೆವು. ಅಲ್ಲಿ ಕೊಳ್ಳುವುದು ತಂದೆತಾಯಿಗಳ ಇಚ್ಛೆ, ಮಗುವಿಗೆ ಅವಮಾನವಿಲ್ಲ. ಮದುವೆ, ನಾಮಕರಣಗಳಲ್ಲಿ ಮಕ್ಕಳಿಗೆ ಹಂಚಲು ಹತ್ತು ಇಪ್ಪತ್ತು ಪ್ರತಿಗಳನ್ನು ಒಟ್ಟಿಗೆ ಕೊಂಡವರುಂಟು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಕಡಲೆಪುರಿಯ ಅಂಗಡಿಯ ಪಕ್ಕದಲ್ಲಿ ಚಾಪೆ ಹಾಸಿ ಕುಳಿತಾಗ, ಎತ್ತು ಮಾರಲು ಬಂದಿದ್ದ ರೈತರೊಬ್ಬರು ಮೊಮ್ಮಗಳಿಗೆಂದು ಪುಸ್ತಕ ಕೊಂಡು ರುಮಾಲಿನಲ್ಲಿ ಕಟ್ಟಿಕೊಂಡರು.

ಸಂಸ್ಥೆಗಳ ನೆರವನ್ನೂ ಅರಿತಿರಬೇಕು. ೧೯೬೫ರ ಗ್ರಂಥಾಲಯ ಕಾಯಿದೆಯಿಂದ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಜಾಲವೇರ್ಪಟ್ಟಿತು. ಗ್ರಂಥಾಲಯ ಇಲಾಖೆಯು ಸಗಟು ಖರೀದಿಗೆ ಅರ್ಜಿ ಕರೆದಾಗ ಲೇಖಕರು ಪುಸ್ತಕವನ್ನು ಒಪ್ಪಿಸಬಹುದು. ಯುವ ಬರಹಗಾರರ ಚೊಚ್ಚಲ ಕೃತಿಗಳಿಗೆ ಕನ್ನಡ ಪುಸ್ತಕ ಪ್ರಾಧಿಕಾರವು ಪ್ರೋತ್ಸಾಹಧನವನ್ನು ನೀಡುತ್ತ ಬಂದಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಸೆಳೆಯಲು ೨೦೨೦ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಯಿತು. ತಾಲ್ಲೂಕು ಸಾಹಿತ್ಯ ಸಮ್ಮೇಳನಗಳಲ್ಲಿ ಮಳಿಗೆಗಳಿಗೆ ಅವಕಾಶವುಂಟು. ಇವೆಲ್ಲವೂ ಸ್ವಾಗತಾರ್ಹವೇ. ಆದರೆ ಖರೀದಿಯಾದ ಪುಸ್ತಕವು ಬೀರುವಿನಲ್ಲಿ ಬೀಗದೊಳಗಿದ್ದರೆ ಅದಕ್ಕೂ ಮಂಚದ ಕೆಳಗಿನ ಕಟ್ಟಿಗೂ ಭೇದವೇನು? ಬೀಗ ತೆಗೆಯಿಸುವವನು, ಆ ಪುಸ್ತಕದ ಕಥೆಯನ್ನು ಒಮ್ಮೆ ಕಿವಿಯಿಂದ ಕೇಳಿ “ಅದನ್ನು ಕೊಡಿ” ಎನ್ನುವ ಹುಡುಗ.

ಎರಡು ವರ್ಷಗಳಲ್ಲಿ ಆಕೆ, ತನ್ನ ಶಾಲೆಯ ಕೆಲಸಕ್ಕೆ ಭಂಗ ಬಾರದಂತೆ, ರಜೆಯ ದಿನಗಳಲ್ಲಿಯೂ ಸಂಜೆಗಳಲ್ಲಿಯೂ ತಿರುಗಿ ಮಂಚದ ಕೆಳಗನ್ನು ಬಹುಮಟ್ಟಿಗೆ ಬರಿದುಮಾಡಿದಳು. ಲಾಭವಾಗಲಿಲ್ಲ, ಬಳೆಗಳಲ್ಲಿ ಒಂದು ಜೊತೆ ಮನೆಗೆ ಬಂದಿತು, ಮತ್ತೊಂದು ಇನ್ನೂ ಬರಬೇಕಾಗಿದೆ. ನಿಷ್ಫಲವೆಂದು ನಾವು ಬಗೆದ ಮೊದಲ ಶಾಲೆಗೆ ಮತ್ತೊಮ್ಮೆ ಹೋಗಿ, ಅಂದು ಬಿಡದೆ ಬಂದಿದ್ದ ಎರಡು ಪ್ರತಿಗಳನ್ನು ಒಪ್ಪಿಸಿದೆವು. ಕೆಲವು ತಿಂಗಳುಗಳ ಬಳಿಕ ಅಲ್ಲಿಯ ಗುರುಗಳು ಸಿಕ್ಕಿದಾಗ ಆ ನೇಕಾರರ ಹುಡುಗನ ಸುದ್ದಿ ಹೇಳಿದರು. ಅವನು ಪುಸ್ತಕವನ್ನು ಮನೆಗೊಯ್ದು, ಮಗ್ಗದ ಸದ್ದನ್ನೂ ಮೀರಿ ಗಟ್ಟಿಯಾಗಿ ತಂಗಿಗೆ ಓದಿ ಹೇಳುತ್ತಿದ್ದನಂತೆ. ಮಗ್ಗದ ಮುಂದಿದ್ದ ತಾಯಿ ಒಂದು ಗಳಿಗೆ ಯಂತ್ರವನ್ನು ನಿಲ್ಲಿಸಿ, “ಆಮೇಲೇನಾಯಿತೋ?” ಎಂದು ಕೇಳಿದಳಂತೆ. ಆಕೆಗೆ ಆ ಗಳಿಗೆಯ ಕೂಲಿ ನಷ್ಟವಾಗಿರಬಹುದು. ನಮ್ಮ ಲೇಖಕಿಗೆ ಮಾತ್ರ ಇದಕ್ಕಿಂತ ಹೆಚ್ಚಿನ ಸನ್ಮಾನ ಬೇರೊಂದಿಲ್ಲವೆನಿಸಿತು.

ಆದುದರಿಂದ ಮೊದಲ ಪುಸ್ತಕವನ್ನು ಬರೆದ ಕಿರಿಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಬಿಡುಗಡೆಯ ಸಮಾರಂಭಕ್ಕೆ ಮಾಡುವ ವೆಚ್ಚದ ಅರ್ಧವನ್ನು ಬಸ್ಸಿನ ಖರ್ಚಿಗೆ ಉಳಿಸಿಕೊಳ್ಳಿರಿ, ಮಾರುವ ಮೊದಲು ಓದಿ ಹೇಳಿರಿ, ಬರಿಗೈಯ ಮಗುವಿಗೂ ಪುಸ್ತಕ ಮುಟ್ಟುವ ದಾರಿಯನ್ನು ಮಾಡಿಟ್ಟು ಬನ್ನಿರಿ. ಶಾಲೆಗಳನ್ನು ನಡೆಸುವ ಹಿರಿಯರಲ್ಲಿಯೂ ಒಂದು ಪ್ರಾರ್ಥನೆ: ವಾರಕ್ಕೊಂದು ಗಂಟೆಯನ್ನು ಕೇವಲ ಕಥಾವಾಚನಕ್ಕೆ ಮೀಸಲಿಟ್ಟು, ಸಮೀಪದ ಹೊಸ ಲೇಖಕರಿಗೆ ಬಾಗಿಲು ತೆರೆದಿಡಿರಿ. ಅನ್ನದಾಸೋಹದಂತೆಯೇ ಅಕ್ಷರದಾಸೋಹವನ್ನೂ ನಡೆಸಿಕೊಂಡು ಬಂದ ಮಠಗಳ ನೆರಳಿನಲ್ಲಿ ಈ ಕಾರ್ಯ ಅಸಾಧ್ಯವೇನಲ್ಲ. ಕೇಳಿ ಬೆಳೆದ ಮಗು ಓದುತ್ತದೆ. ಓದಿ ಬೆಳೆದ ಮಗು ಮುಂದೊಂದು ದಿನ ಮತ್ತೊಂದು ಮಗುವಿಗೆ ಓದಿ ಹೇಳುತ್ತದೆ. ಹಾಗಾಗಲೆಂದು ಹಾರೈಸುತ್ತೇನೆ.