ತಂತಿರಹಿತ ಸಂವೇದಕ ಜಾಲಗಳು: ಖರೀದಿಗೆ ಮುನ್ನ ಪ್ರೋಟೊಕಾಲ್ ವಿಚಾರಿಸಿ

ಶೀತಲಗೃಹದ ಉಷ್ಣತೆ, ಬಾಯ್ಲರಿನ ಒತ್ತಡ, ಮೋಟಾರಿನ ಕಂಪನ ಇವುಗಳನ್ನು ಅಳೆದು ರೇಡಿಯೊ ಮೂಲಕ ಕಚೇರಿಯ ಗಣಕಯಂತ್ರಕ್ಕೆ ತಲುಪಿಸುವ ತಂತಿರಹಿತ ಸಂವೇದಕಗಳು ಸಣ್ಣ ಕೈಗಾರಿಕೆಗಳಿಗೂ ಎಟುಕುತ್ತಿವೆ. ಖರೀದಿಯ ಸಂದರ್ಭದಲ್ಲಿ ಉದ್ಯಮಿಗಳು ಅವುಗಳ ಬೆಲೆಯನ್ನೂ ನಿಖರತೆಯನ್ನೂ ವಿಚಾರಿಸುತ್ತಾರೆ. ಆದರೆ ಅವು ಪರಸ್ಪರ ಸಂದೇಶ ವಿನಿಮಯ ಮಾಡಿಕೊಳ್ಳುವ ನಿಯಮಾವಳಿ, ಅಂದರೆ ಪ್ರೋಟೊಕಾಲ್, ಯಾವುದೆಂದು ಕೇಳುವವರು ವಿರಳ. ಬ್ಯಾಟರಿಯ ಬಾಳಿಕೆ ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ.

ಸಂದೇಶ ಕಳುಹಿಸುವಾಗ ಮಾತ್ರ ವಿದ್ಯುತ್ ವ್ಯಯವಾಗುತ್ತದೆಂಬುದು ಸಾಮಾನ್ಯ ಭಾವನೆ. ವಾಸ್ತವ ಬೇರೆ. ಇಂತಹ ಜಾಲಗಳಲ್ಲಿ ವ್ಯಾಪಕವಾಗಿ ಬಳಕೆಯಾದ ಸಿಸಿ 2420 ಎಂಬ ರೇಡಿಯೊ ಚಿಪ್ಪು ಪೂರ್ಣ ಶಕ್ತಿಯಲ್ಲಿ ಪ್ರಸಾರ ಮಾಡುವಾಗ 17.4 ಮಿಲಿಆಂಪಿಯರ್ ಬಳಸಿದರೆ, ಸುಮ್ಮನೆ ಕಿವಿಗೊಟ್ಟು ಕಾಯುವಾಗ 18.8 ಮಿಲಿಆಂಪಿಯರ್ ಬಳಸುತ್ತದೆ! ಸದಾ ಎಚ್ಚರವಿದ್ದರೆ 2,500 ಮಿಲಿಆಂಪಿಯರ್-ಗಂಟೆ ಸಾಮರ್ಥ್ಯದ ಬ್ಯಾಟರಿ ಆರು ದಿನವೂ ಬಾಳದು. ಶೇಕಡಾ 1ರಷ್ಟು ಸಮಯ ಮಾತ್ರ ಎಚ್ಚರವಿದ್ದರೆ, ರೇಡಿಯೊದ ಖರ್ಚೊಂದನ್ನೇ ಗಣಿಸಿದಾಗ, ಸುಮಾರು ಒಂದೂವರೆ ವರ್ಷ ಸಾಗುತ್ತದೆ.

ಆದರೆ ಒಂದು ಘಟಕ ಸಂದೇಶ ಕಳುಹಿಸುವಾಗ ಇನ್ನೊಂದು ನಿದ್ರಿಸುತ್ತಿದ್ದರೆ ಸಂದೇಶ ವ್ಯರ್ಥ. ಪ್ರೋಟೊಕಾಲ್ ರಚಿಸುವವರ ಮುಖ್ಯ ಸಮಸ್ಯೆಯೇ ಇದು. 2002ರಲ್ಲಿ ಪ್ರಕಟವಾದ ಎಸ್-ಮ್ಯಾಕ್ ಪದ್ಧತಿಯಲ್ಲಿ ನೆರೆಯ ಘಟಕಗಳು ಒಂದೇ ವೇಳೆಗೆ ಮಲಗಿ ಒಂದೇ ವೇಳೆಗೆ ಏಳುತ್ತವೆ. 2004ರ ಬಿ-ಮ್ಯಾಕ್‌ನಲ್ಲಿ ಅಂತಹ ಹೊಂದಾಣಿಕೆ ಇಲ್ಲ. ಪ್ರತಿ ಘಟಕವೂ ಆಗಾಗ ಕ್ಷಣಮಾತ್ರ ಎದ್ದು ಆಲಿಸುತ್ತದೆ, ಕಳುಹಿಸುವವನು ಅಷ್ಟು ಹೊತ್ತು ಮುನ್ಸೂಚನೆಯ ಸಂಕೇತವನ್ನು ಬಿತ್ತರಿಸುತ್ತಿರಬೇಕು. ಅಪರೂಪಕ್ಕೊಮ್ಮೆ ಮಾಹಿತಿ ಕಳುಹಿಸುವಲ್ಲಿ ಇದು ಲಾಭಕರ, ಪದೇಪದೇ ಕಳುಹಿಸುವಲ್ಲಿ ನಷ್ಟ. ಕೈಗಾರಿಕೆಗಳಿಗೆಂದೇ 2007ರಲ್ಲಿ ಬಂದ ವೈರ್‌ಲೆಸ್‌ಹಾರ್ಟ್ ಕಾಲವನ್ನು 10 ಮಿಲಿಸೆಕೆಂಡುಗಳ ತುಣುಕುಗಳಾಗಿ ವಿಂಗಡಿಸಿ, ಯಾರು ಯಾವಾಗ ಕಳುಹಿಸಬೇಕೆಂದು ಮೊದಲೇ ಗೊತ್ತುಪಡಿಸುತ್ತದೆ. ಪ್ರಸಾರದ ಚಾನೆಲ್ಲನ್ನೂ ಬದಲಿಸುತ್ತಿರುತ್ತದೆ. ಲೋಹದ ಯಂತ್ರಗಳು ಕಿಕ್ಕಿರಿದ ಶೆಡ್ಡುಗಳಲ್ಲಿ ಈ ಗುಣ ಬಹು ಉಪಯುಕ್ತ.

ನಿದ್ರೆಗೆ ತೆರುವ ಬೆಲೆ ವಿಳಂಬ. ಪ್ರತಿ ಘಟಕವೂ ಸೆಕೆಂಡಿಗೊಮ್ಮೆ ಏಳುವುದಾದರೆ, ಐದು ಘಟಕಗಳನ್ನು ದಾಟಿ ಬರುವ ಸಂದೇಶಕ್ಕೆ ಐದು ಸೆಕೆಂಡುಗಳೂ ಬೇಕಾಗಬಹುದು. ಶೀತಲಗೃಹಕ್ಕೆ ಇದು ಲೆಕ್ಕಕ್ಕಿಲ್ಲ. ಅನಿಲ ಸೋರಿಕೆಯ ಎಚ್ಚರಿಕೆಗೆ ಒಪ್ಪತಕ್ಕದ್ದಲ್ಲ. ಇನ್ನೊಂದು ಅಂಶ: ಕೇಂದ್ರ ಘಟಕದ ಸಮೀಪದಲ್ಲಿರುವವು ಇತರರ ಸಂದೇಶಗಳನ್ನೂ ಹೊರುವುದರಿಂದ ಅವುಗಳ ಬ್ಯಾಟರಿ ಮೊದಲು ಬರಿದಾಗುತ್ತದೆ. ಮೇಜಿನ ಮೇಲೆ ಎರಡೇ ಘಟಕಗಳನ್ನಿಟ್ಟು ತೋರಿಸುವ ಪ್ರಾತ್ಯಕ್ಷಿಕೆಯಲ್ಲಿ ಇದು ಕಾಣುವುದಿಲ್ಲ. ಆದ್ದರಿಂದ ಮಾರಾಟಗಾರರು ಹೇಳುವ ಬಾಳಿಕೆಯು ಎಷ್ಟು ನಿಮಿಷಕ್ಕೊಮ್ಮೆ ಮಾಹಿತಿ ಕಳುಹಿಸಿದಾಗ, ಎಷ್ಟು ಘಟಕಗಳ ಜಾಲದಲ್ಲಿ, ಸಂದೇಶ ಹೊರುವ ಘಟಕಕ್ಕೂ ಅನ್ವಯಿಸುವುದೇ ಎಂಬುದನ್ನು ದರಪಟ್ಟಿಯಲ್ಲಿಯೇ ಬರೆಯಿಸಿಕೊಳ್ಳುವುದು ಲೇಸು.